ಮುಂದಿನ ಸ್ಟಾಪಿನಲ್ಲಿ ಇಳಿದವರು

ಚೆಕಿಂಗ್ ಸಾಹೇಬರು ಇಪ್ಪತ್ತೇಳು ವರ್ಷ ಬಸ್ಸುಗಳಲ್ಲೇ ಕಳೆದವರಾದರೂ ಯಾವ ಬಸ್ಸಿನಲ್ಲಿಯೂ ಒಂದು ಸ್ಟಾಪಿಗಿಂತ ಹೆಚ್ಚು ದೂರ ಹೋದವರಲ್ಲ. ಅವರ ಪದ್ಧತಿಯೇ ಹಾಗೆ. ಇಬ್ಬರು ಸಹಾಯಕರನ್ನು ಕಟ್ಟಿಕೊಂಡು ಧುತ್ತೆಂದು ಹತ್ತುವುದು, ಮುಂದಿನ ಬಾಗಿಲಿಗೊಬ್ಬ ಹಿಂದಿನ ಬಾಗಿಲಿಗೊಬ್ಬ ನಿಲ್ಲುವುದು, ಟಿಕೆಟ್ ಇಲ್ಲದವರನ್ನು ಹಿಡಿದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವುದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎದೆ ಮುಂದೆ ಮಾಡಿ ಹೇಳುತ್ತಿದ್ದರು: “ಹತ್ತಬೇಕು, ನೋಡಬೇಕು, ಇಳೀಬೇಕು. ಎರಡನೇ ಸ್ಟಾಪಿನ ತನಕ ಕೂತ್ರೆ ಅದು ಚೆಕಿಂಗ್ ಅಲ್ಲ ಕಣ್ರಯ್ಯಾ, ನೆಂಟಸ್ತನ.”

ಕಂಡಕ್ಟರುಗಳು ಅವರಿಗೆ ಇಟ್ಟ ಹೆಸರು ಹದ್ದು. ಬೆನ್ನ ಹಿಂದೆ ಇಟ್ಟ ಹೆಸರು ತಮಗೆ ಗೊತ್ತಿದೆ ಎಂಬುದೇ ಸಾಹೇಬರಿಗೊಂದು ಹೆಮ್ಮೆ. “ಕೇಳಿದ್ಯೇನೇ, ನನ್ನನ್ನ ಹದ್ದು ಅಂತಾರಂತೆ,” ಎಂದು ಊಟದ ಹೊತ್ತಿಗೆ ಹೆಂಡತಿಗೆ ಹೇಳಿದ್ದರು. “ಆಗ್ಲಿ ರೀ, ಹದ್ದು ತಟ್ಟೆ ತೊಳೆದಿಟ್ಟು ಹಾರಲಿ,” ಎಂದಿದ್ದಳು ಆಕೆ.

ಆದರೆ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಬೇಕು. ಅವರು ಟಿಕೆಟ್ಟುಗಳನ್ನು ಓದುತ್ತಲೇ ಇರಲಿಲ್ಲ. ಓದುವ ಕೆಲಸ ಸಹಾಯಕರದ್ದು. ಅವರ ಕಣ್ಣು ಹುಡುಕುತ್ತಿದ್ದುದು ಇಲ್ಲದ್ದನ್ನು. ಕೈಯಲ್ಲಿ ಟಿಕೆಟ್ ಇಲ್ಲ, ಆದರೆ ಮನುಷ್ಯ ನೆಮ್ಮದಿಯಾಗಿ ಕಿಟಕಿಯಾಚೆ ನೋಡುತ್ತಿದ್ದಾನೆ ಅಂದರೆ ಟಿಕೆಟ್ ಜೇಬಿನಲ್ಲಿದೆ, ಬಿಡು. ಕೈಯಲ್ಲಿ ಟಿಕೆಟ್ ಇದೆ, ಆದರೆ ಬೆವರುತ್ತಿದ್ದಾನೆ ಅಂದರೆ ಪಾಪ, ಹೊಟ್ಟೆ ಕೆಟ್ಟಿದೆ, ಬಿಡು. ಟಿಕೆಟ್ಟೂ ಇಲ್ಲ, ಮೊಣಕಾಲೂ ಕುಣಿಯುತ್ತಿದೆ: ಹಿಡಿ. ಎರಡೂ ಸೇರಬೇಕು. ಈ ಎರಡು ಸಾಲಿನ ಶಾಸ್ತ್ರವನ್ನು ಅವರು ಇಲಾಖೆಯ ಮೇಲಧಿಕಾರಿಗಳಿಗೆ ಹನ್ನೆರಡು ಪುಟ ಬರೆದು ಕಳಿಸಿದ್ದರು. ಉತ್ತರ ಬಂದಿರಲಿಲ್ಲ.

ಮಗಳು ಒಬ್ಬಳೇ. ಇಪ್ಪತ್ತನಾಲ್ಕು ವರ್ಷ. ಕನ್ನಡಕದ ಅಂಗಡಿಯೊಂದರಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸಿ ಫ್ರೇಮು ಹೊಂದಿಸಿಕೊಡುವ ಕೆಲಸ. ಇಪ್ಪತ್ತು ಫ್ರೇಮು ಹಾಕಿ ನೋಡಿ ಏನೂ ಕೊಳ್ಳದೆ ಹೋಗುವವರನ್ನೂ ಬಾಗಿಲ ತನಕ ಕಳಿಸಿಕೊಟ್ಟು “ಮತ್ತೆ ಬನ್ನಿ” ಎನ್ನುವ ಸ್ವಭಾವ. ಸಾಹೇಬರಿಗೆ ಇದು ನುಂಗಲಾರದ ತುತ್ತು. ಮೂಗು ತಾಯಿಯದು, ನಡಿಗೆ ತಾಯಿಯದು, ನಗು ತಾಯಿಯ ಕಡೆಯ ಯಾವುದೋ ಅಜ್ಜಿಯದು. “ನನ್ನದು ಅಂತ ಇವಳಲ್ಲಿ ಒಂದು ಗುಂಡುಸೂಜಿಯಷ್ಟೂ ಇಲ್ಲ,” ಎಂದು ನೆಂಟರ ಮುಂದೆಲ್ಲ ದೂರುತ್ತಿದ್ದರು. “ಅಪ್ಪ, ನಿನ್ನದು ನಿನ್ನ ಹತ್ರಾನೇ ಭದ್ರವಾಗಿರಲಿ ಬಿಡು,” ಎಂದು ಅವಳು ನಗುತ್ತಿದ್ದಳು.

ಮೊದಲು ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು. ಆಮೇಲೆ ತೋಳಿನ ಮೇಲೆ ಎಲ್ಲೂ ತಾಗಿಸಿಕೊಳ್ಳದೆ ನೀಲಿ ಕಲೆಗಳು. ಆಮೇಲೆ ಬಿಡದ ಜ್ವರ. ರಕ್ತದ ಕ್ಯಾನ್ಸರ್ ಎಂದರು. ಒಂದು ಸುತ್ತು ಔಷಧಿ ಆಯಿತು, ಕಾಯಿಲೆ ಬಾಲ ಮುದುರಿತು. ಏಳು ತಿಂಗಳಿಗೆ ಮತ್ತೆ ತಲೆಯೆತ್ತಿತು. ಎರಡನೆಯ ಸುತ್ತಿಗೆ ಜಗ್ಗಲಿಲ್ಲ. ಆಗ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡು, ವಾರದ ಮೇಲೆ ಮೂವರನ್ನೂ ಕೂರಿಸಿಕೊಂಡರು.

“ನಮ್ಮ ಮೈಯಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಇದೆ. ನ್ಯಾಚುರಲ್ ಕಿಲ್ಲರ್ ಅಂತ. ಹುಟ್ಟು ಕೊಲೆಗಾರ ಅನ್ನಬಹುದು. ತಂದೆಯವರಲ್ಲಿ ಇರೋವು ಮಗಳಿಗೆ ಉಪಯೋಗಕ್ಕೆ ಬರಬಹುದು ಅಂತ ನನ್ನ ಲೆಕ್ಕ.”

“ನನ್ನ ರಕ್ತದಲ್ಲಿ ಕೊಲೆಗಾರರಾ?” ಸಾಹೇಬರು ಹೌಹಾರಿದರು.

“ನಂಗೆ ಮೊದಲೇ ಅನುಮಾನ ಇತ್ತು,” ಎಂದಳು ಹೆಂಡತಿ. ಆ ತಿಂಗಳಲ್ಲಿ ಮಗಳು ನಕ್ಕದ್ದು ಅದೇ ಮೊದಲು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಮೈಯ ಹೆಚ್ಚುಕಡಿಮೆ ಪ್ರತಿ ಕೋಶವೂ ತನ್ನ ಮೇಲ್ಮೈಯಲ್ಲಿ ‘ನಾನು ಈ ಮನೆಯವನು’ ಎಂಬ ಗುರುತನ್ನು ತೋರಿಸಿಕೊಂಡಿರುತ್ತದೆ. ಒಳಗೆ ನಡೆಯುತ್ತಿರುವುದರ ಒಂದು ಚೂರೂ ಆ ಗುರುತಿಗೆ ಅಂಟಿಕೊಂಡಿರುತ್ತದೆ. ವೈರಸ್ಸು ಹೊಕ್ಕಿದ್ದರೆ, ಕೋಶ ಕ್ಯಾನ್ಸರಿಗೆ ತಿರುಗಿದ್ದರೆ, ಅಂಥ ಚೂರನ್ನು ಓದಿ ಕಂಡುಹಿಡಿಯುವ ಕಾವಲಿನವರು ಒಂದು ಗುಂಪು.

“ಅದಕ್ಕೆ ಕೆಟ್ಟ ಕೋಶ ಎಷ್ಟೋ ಸಲ ಏನು ಮಾಡುತ್ತೆ ಗೊತ್ತಾ? ಆ ಗುರುತನ್ನೇ ಒಳಗೆ ಎಳೆದು ಬಚ್ಚಿಟ್ಕೊಳ್ಳುತ್ತೆ. ಓದೋಕೆ ಏನೂ ಸಿಗಲ್ಲ.”

“ಟಿಕೆಟ್ ನುಂಗಿಬಿಡುತ್ತೆ!” ಎಂದರು ಸಾಹೇಬರು. “ನಾನೂ ನೋಡಿದೀನಿ, ಒಬ್ಬ ನನ್ನ ಕಣ್ಣೆದುರೇ ಹಳೇ ಟಿಕೆಟ್ ನುಂಗಿ ನೀರು ಕುಡಿದ.”

“ಆಗ ಈ ಎರಡನೇ ಗುಂಪು ಬರುತ್ತೆ. ಇವರು ಓದೋಕೆ ಹೋಗಲ್ಲ. ಗುರುತು ಇದೆಯೋ ಇಲ್ವೋ, ಅಷ್ಟೇ. ಇದ್ರೆ ಕೈ ಕಟ್ಕೊಂಡು ಮುಂದೆ ಹೋಗ್ತಾರೆ. ಇಲ್ಲ, ಅದರ ಜೊತೆಗೆ ಆ ಕೋಶ ಸಂಕಟದಲ್ಲಿದೆ ಅನ್ನೋ ಲಕ್ಷಣಗಳೂ ಮೇಲೆ ಕಾಣ್ತಿವೆ ಅಂದ್ರೆ ಅಲ್ಲೇ ತೂತು ಕೊರೆದು ಮುಗಿಸ್ತಾರೆ.”

“ಒಂದೇ ಇದ್ರೆ ಸಾಲದಾ?”

“ಸಾಮಾನ್ಯವಾಗಿ ಸಾಲದು. ತಡೆಯೋ ಸೂಚನೆ ಎಷ್ಟು, ಕೆರಳಿಸೋ ಸೂಚನೆ ಎಷ್ಟು ಅಂತ ತೂಗಿ ನೋಡ್ತಾರೆ. ಅದಕ್ಕೇ ಒಳ್ಳೇ ಕೋಶಗಳು ಬಚಾವಾಗೋದು.”

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ಡಾಕ್ಟ್ರೇ, ಇದು ನನ್ನ ಮೆಥಡ್ಡು! ಹನ್ನೆರಡು ಪುಟ ಬರೆದಿದ್ದೆ!”

“ಕೂತ್ಕೊಳ್ರಿ,” ಎಂದಳು ಹೆಂಡತಿ.

ಮಗಳ ಮೈಯಲ್ಲಿ ಆ ಪಡೆ ಸೊರಗಿದೆ, ಕ್ಯಾನ್ಸರು ಅದಕ್ಕೆ ಮಂಕುಬೂದಿ ಎರಚಿದೆ ಎಂದರು ಡಾಕ್ಟರಮ್ಮ. ಹೊರಗಿನ ಪಡೆ ಬೇಕು. ತಾಯಿಯ ಪಡೆ ಹುಡುಕುವ ಗುರುತುಗಳೆಲ್ಲ ಮಗಳಲ್ಲೂ ಇವೆ, ಹಾಗಾಗಿ ಅವರು ಬಂದರೂ ಕೈ ಕಟ್ಟಿ ಕೂರುವ ಸಂಭವವೇ ಹೆಚ್ಚು. ತಂದೆಯವರದು ಹಾಗಲ್ಲ. ಅವರಲ್ಲಿರುವ ಒಂದು ಗುರುತು ಮಗಳಿಗೆ ಇಳಿದುಬಂದಿಲ್ಲ. ಅವರ ಪಡೆಯಲ್ಲಿ ಕೆಲವರು ಹುಡುಕುವುದು ಅದೊಂದನ್ನೇ. ಮಗಳ ಕ್ಯಾನ್ಸರ್ ಕೋಶಗಳಲ್ಲಿ ಅದು ಹುಟ್ಟಾ ಇಲ್ಲ. ಸಂಕಟದ ಲಕ್ಷಣವಂತೂ ಧಾರಾಳವಾಗಿದೆ.

“ಅಂದ್ರೆ ನಿಮ್ಮಿಂದ ಅವಳಿಗೆ ಬರದೇ ಇರೋದೇ ಈಗ ಅವಳಿಗೆ ಅನುಕೂಲ. ಖಾತ್ರಿ ಅಂತ ಹೇಳಲ್ಲ. ಕೆಲವರಿಗೆ ಆಗಿದೆ. ತುಂಬಾ ಜನಕ್ಕೆ ಆಗಿಲ್ಲ.”

ಸಾಹೇಬರ ಕಿವಿಗೆ ಬಿದ್ದದ್ದು ‘ಕೆಲವರಿಗೆ ಆಗಿದೆ’ ಎಂಬುದು ಮಾತ್ರ. ಹೊರಗೆ ಬಂದು ಮಗಳ ಕೈ ಹಿಡಿದುಕೊಂಡರು. “ನೋಡಿದ್ಯಾ ಮರಿ? ಇಪ್ಪತ್ತನಾಲ್ಕು ವರ್ಷ ಸುಮ್ನೆ ಬೈದೆ ನಿನ್ನ.”

ರಕ್ತ ಕೊಡುವ ದಿನ ಅವರು ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹೊಳೆಸಿಕೊಂಡು ಹಾಜರಾದರು. ಯಂತ್ರ ನೋಡಿಕೊಳ್ಳುತ್ತಿದ್ದ ನರ್ಸು ಮೇಲಿಂದ ಕೆಳಗೆ ನೋಡಿದಳು.

“ಸಾರ್, ಡ್ಯೂಟಿ ಮುಗಿಸ್ಕೊಂಡು ಬಂದ್ರಾ?”

“ಡ್ಯೂಟಿಗೇ ಬಂದಿದೀನಿ.”

“ಸರಿ. ತೋಳು ಮಡಿಸಿ. ಟೋಪಿ ತೆಗೀರಿ, ಇಲ್ಲಿ ಯಾರೂ ಹೆದರಲ್ಲ.”

ನಾಲ್ಕೂವರೆ ಗಂಟೆ. ಒಂದು ತೋಳಿನಿಂದ ಹೊರಟ ರಕ್ತ ಯಂತ್ರದೊಳಗೆ ಸುತ್ತಿ, ಬೇಕಾದ್ದನ್ನು ಅಲ್ಲಿ ಬಿಟ್ಟು, ಉಳಿದದ್ದು ಇನ್ನೊಂದು ತೋಳಿನಿಂದ ಒಳಗೆ ಬರುತ್ತಿತ್ತು. ಮೂಗು ಕೆರೆದರೂ ಕೈ ಎತ್ತುವ ಹಾಗಿಲ್ಲ. ಸಾಹೇಬರು ಅಲ್ಲಾಡದೆ ಮಲಗಿ, ನಳಿಗೆಯಲ್ಲಿ ಹೋಗುತ್ತಿದ್ದ ರಕ್ತಕ್ಕೆ ಬಾಯೊಳಗೇ ಆದೇಶ ಕೊಡುತ್ತಿದ್ದರು: “ಒಬ್ಬನ್ನೂ ಬಿಡಬೇಡಿ. ಹೆಂಗಸು, ಮುದುಕ, ಯಾವ ದಾಕ್ಷಿಣ್ಯವೂ ಬೇಡ.” ನರ್ಸು ಮುಖ ಆಚೆ ತಿರುಗಿಸಿಕೊಂಡಳು. ನಗುತ್ತಿದ್ದಳೋ ಏನೋ, ಅವರಿಗೆ ಕಾಣಲಿಲ್ಲ.

ಮಗಳಿಗೆ ಅಷ್ಟು ಹೊತ್ತಿಗೆ ಕಟುವಾದ ಔಷಧಿ ಕೊಟ್ಟು, ಬರುವವರಿಗೆ ಜಾಗವಾಗಲೆಂದು ಅವಳ ಸ್ವಂತ ಕಾವಲಿನವರನ್ನೆಲ್ಲ ಸದ್ಯಕ್ಕೆ ಮಲಗಿಸಿದ್ದರು. ಮರುದಿನ ಅಂಗೈಯಗಲದ ಒಂದು ಚೀಲ ಬಂತು, ತೆಳು ಗುಲಾಬಿ ಬಣ್ಣದ ನೀರು. ಅರ್ಧ ಗಂಟೆಯೂ ಹಿಡಿಯಲಿಲ್ಲ.

“ಇಷ್ಟೇನಾ?” ಎಂದರು ಸಾಹೇಬರು, ಅವಮಾನವಾದವರ ಹಾಗೆ.

“ಅಪ್ಪ, ಸುಮ್ನಿರು. ಒಳಗೆ ಯಾರೋ ‘ಟಿಕೆಟ್, ಟಿಕೆಟ್’ ಅಂತ ಕೂಗ್ತಿದಾರೆ,” ಎಂದಳು ಮಗಳು. ಅವಳ ಹುಬ್ಬು, ರೆಪ್ಪೆಗೂದಲು ಎಲ್ಲ ಉದುರಿ ಮುಖ ಚಿಕ್ಕ ಮಗುವಿನದರಂತಾಗಿತ್ತು. ಆ ಪಡೆಯನ್ನು ಹುರಿದುಂಬಿಸಲು ಕೊಟ್ಟ ಇಂಜೆಕ್ಷನ್ನಿಗೆ ಸಂಜೆಯ ಹೊತ್ತಿಗೆ ಹಲ್ಲು ಕಟಕಟಿಸುವ ಚಳಿಜ್ವರ ಬಂತು. ತಾಯಿ ಕಣ್ಣೊರೆಸಿಕೊಂಡಳು. ಸಾಹೇಬರು ಮಾತ್ರ “ಗಲಾಟೆ ಶುರುವಾಗಿದೆ, ಒಳ್ಳೇದೇ” ಎಂದು ವರಾಂಡದಲ್ಲಿ ಶತಪಥ ತುಳಿದರು.

ಅಲ್ಲಿಂದಾಚೆ ಅವರ ಜೀವನ ಒಂದು ಅಂಕಿಯ ಸುತ್ತ ಸುತ್ತತೊಡಗಿತು. ಮಗಳ ರಕ್ತದ ಕೊಲೆಗಾರ ಕಣಗಳಲ್ಲಿ ನೂರಕ್ಕೆ ಎಷ್ಟು ಅಪ್ಪನವು ಎಂದು ಆಗಾಗ ಪರೀಕ್ಷೆ ಮಾಡುತ್ತಿದ್ದರು. ಏಳನೆಯ ದಿನ ಮೂವತ್ತೆಂಟು. ಕ್ಯಾನ್ಸರ್ ಕೋಶಗಳೂ ಇಳಿದಿದ್ದವು. ಸಾಹೇಬರು ಆಸ್ಪತ್ರೆಯ ಕಾವಲುಗಾರನಿಗೂ ಆ ಅಂಕಿ ಹೇಳಿದರು. ಹನ್ನೆರಡನೆಯ ದಿನ ಒಂಬತ್ತು. ಹದಿನೆಂಟನೆಯ ದಿನ ಬೆಳಿಗ್ಗೆ ಅವರು ಕೆಳಗೆ ಚಹಾ ಕುಡಿಯಲು ಹೋಗಿ ಬಂದಾಗ ಡಾಕ್ಟರಮ್ಮ ಆಗಷ್ಟೇ ಕೋಣೆಯಿಂದ ಹೊರಟಿದ್ದರು. ಮಂಚದ ಕಾಲಿಗೆ ತಗಲಿಸಿದ ಹಲಗೆಯಲ್ಲಿ ಹೊಸ ಕಾಗದವಿತ್ತು. ದಾನಿಯ ಕಣಗಳು: ಸೊನ್ನೆ.

ಸಾಹೇಬರು ಅದನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು.

“ಇಳಿದ್ರು! ಮರಿ, ಇಳಿದುಬಿಟ್ರು ನೋಡು!”

“ಯಾರಪ್ಪ?”

“ನಮ್ಮವರು! ಕೆಲಸ ಮುಗೀತು, ಮುಂದಿನ ಸ್ಟಾಪಲ್ಲಿ ಇಳಿದ್ರು. ಎಲ್ಲರ ಹತ್ರಾನೂ ಟಿಕೆಟ್ ಇರೋ ಬಸ್ಸಲ್ಲಿ ಚೆಕಿಂಗಿಗೆ ಏನು ಕೆಲಸ? ನಾನು ಕಲಿಸಿದ್ದಲ್ವಾ, ನನ್ನ ರಕ್ತ ಅಲ್ವಾ, ಒಂದು ಕ್ಷಣ ಹೆಚ್ಚಿಗೆ ಕೂರಲ್ಲ!”

ಮಗಳು ಅವರ ಮುಖವನ್ನೇ ನೋಡಿದಳು. ಕಣ್ಣು ಪರೀಕ್ಷೆ ಮಾಡುವವಳು, ನೋಡುವುದೆಂದರೆ ಹಾಗೇ, ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ. ಆಮೇಲೆ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡಳು.

“ಹೌದಪ್ಪ,” ಎಂದಳು. “ಎಲ್ಲಾ ಚೆಕ್ ಮಾಡಿ ಇಳಿದ್ರು.”

ನಾಲ್ಕು ದಿನಕ್ಕೆ ಮನೆಗೆ ಕಳಿಸಿಕೊಟ್ಟರು. ಆಸ್ಪತ್ರೆಯವರು ಮನೆಗೆ ಕಳಿಸುವುದಕ್ಕೆ ಎರಡು ಕಾರಣಗಳಿರುತ್ತವೆ. ಸಾಹೇಬರಿಗೆ ಹೊಳೆದದ್ದು ಒಂದೇ. ಡಿಪೋಕ್ಕೆ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಹೋದರು. ಹದ್ದು ಬಿಸ್ಕತ್ತು ಹಂಚಿದ್ದನ್ನು ಅಲ್ಲಿ ಯಾರೂ ಹಿಂದೆಂದೂ ಕಂಡಿರಲಿಲ್ಲ. ಸಂಜೆ ಬೇಗ ಬರುತ್ತಿದ್ದರು. ಮಗಳ ಮಂಚದ ಅಂಚಿನಲ್ಲಿ ಕುಳಿತು ಅಂದು ಸಿಕ್ಕಿಬಿದ್ದವರ ನಟನೆ ಮಾಡಿ ತೋರಿಸುತ್ತಿದ್ದರು: ನಿದ್ದೆ ಬಂದಂತೆ ಬಿದ್ದುಕೊಂಡವನು, ಕಿವುಡನಾದವನು, ಪಕ್ಕದವಳನ್ನು ಹೆಂಡತಿ ಎಂದು ತೋರಿಸಿ ಅವಳಿಂದ ಏಟು ತಿಂದವನು. ಅವಳು ದಿಂಬಿಗೊರಗಿ ಕೆಮ್ಮು ಬರುವ ತನಕ ನಗುತ್ತಿದ್ದಳು. ತೋಳಿನ ಮೇಲೆ ಮತ್ತೆ ನೀಲಿ ಕಲೆಗಳು ಎದ್ದಿದ್ದವು. ಉದ್ದ ತೋಳಿನ ಅಂಗಿ ತೊಟ್ಟಿರುತ್ತಿದ್ದಳು. ಬೇಸಿಗೆಯಲ್ಲಿ ಅದೇಕೆ ಎಂದು, ಎಲ್ಲರ ಮೊಣಕಾಲಿನ ಕುಣಿತ ನೋಡುವ ಸಾಹೇಬರು ಕೇಳಲಿಲ್ಲ.

ಮನೆಗೆ ಬಂದ ಹನ್ನೊಂದನೆಯ ದಿನ, ಮಧ್ಯಾಹ್ನ ಮೂರರ ಬಸ್ಸು. ಹತ್ತಿದ ಸಾಹೇಬರಿಗೆ ಕಿಟಕಿಯ ಪಕ್ಕ ಕುಳಿತ ಒಂದು ಪರಿಚಿತ ಮುಖ ಕಂಡಿತು. ಯಂತ್ರದ ನರ್ಸು.

“ಪಾಸು ತೋರಿಸಲಾ ಸಾರ್?”

“ನಿಮ್ಮ ಹತ್ರ ಪಾಸು ಕೇಳ್ತೀನಾ? ನಮ್ಮ ಪಡೆಯನ್ನ ಕಳಿಸಿಕೊಟ್ಟವರು ನೀವು.” ಸಾಹೇಬರು ಕಂಬ ಹಿಡಿದು ನಿಂತು, ನಾಲ್ಕು ಸೀಟಿಗೆ ಕೇಳುವ ಹಾಗೆ ಶುರುಮಾಡಿದರು. ಹೇಗೆ ಹತ್ತಿದರು, ಹೇಗೆ ನೋಡಿದರು, ಹದಿನೆಂಟನೆಯ ದಿನ ಹೇಗೆ ಸದ್ದಿಲ್ಲದೆ ಇಳಿದು ಹೋದರು. “ಸೊನ್ನೆ! ಒಬ್ಬನೂ ಹೆಚ್ಚಿಗೆ ಕೂರಲಿಲ್ಲ.”

ನರ್ಸಿನ ಮುಖದ ನಗು ಅರ್ಧಕ್ಕೇ ನಿಂತಿತು. “ಸಾರ್, ಹಾಗಂತ ನಿಮಗೆ ಡಾಕ್ಟ್ರು ಹೇಳಿದ್ರಾ?”

“ಡಾಕ್ಟ್ರು ಯಾಕೆ ಹೇಳ್ಬೇಕು? ನಂಗೆ ಗೊತ್ತಾಗಲ್ವಾ?”

ಅವಳು ಕೈಚೀಲದ ಹಿಡಿಯನ್ನು ತಿರುಚುತ್ತ ಕುಳಿತಳು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸಾಹೇಬರ ಕಣ್ಣಿಗೆ ಮೊದಲ ಬಾರಿಗೆ ಏನೋ ಬಿದ್ದಿತ್ತು, ಅವರು ಬಿಡಲಿಲ್ಲ. “ಹೇಳಿ ಸಿಸ್ಟರ್.”

“ಅವರಾಗೇ ಇಳಿದಿದ್ದಲ್ಲ ಸಾರ್. ಮಗಳ ಸ್ವಂತ ಕಾವಲಿನವರನ್ನ ಔಷಧಿ ಕೊಟ್ಟು ಮಲಗಿಸಿದ್ವಲ್ಲ, ಅವರು ಎದ್ರು. ಎದ್ದು ನೋಡಿದ್ರೆ ಮೈಯಲ್ಲಿ ಹೊರಗಿನವರು. ಓಡಿಸಿಬಿಟ್ರು. ಇನ್ನೂ ಸ್ವಲ್ಪ ದಿನ ಇದ್ದಿದ್ರೆ... ಕ್ಯಾನ್ಸರು ಪೂರ್ತಿ ಹೋಗಿರಲಿಲ್ಲ ಸಾರ್.”

“ಹೊರಗಿನವರಾ?” ಎಂದರು ಸಾಹೇಬರು. “ನಾನು ಅವಳಪ್ಪ ಅಲ್ವಾ?”

“ಅವಕ್ಕೆ ಅದು ಗೊತ್ತಾಗಲ್ಲ ಸಾರ್.”

“ಒಳಗೇ ಬೆಳೆದ ಕಳ್ಳರನ್ನ ಒಂದು ವರ್ಷ ಕಂಡುಹಿಡೀಲಿಲ್ಲ. ನನ್ನನ್ನ ಹದಿನೆಂಟು ದಿನಕ್ಕೆ ಕಂಡುಹಿಡಿದ್ರಾ?”

ಸ್ಟಾಪು ಬಂತು, ಸಹಾಯಕರು ಇಳಿದು ಕೆಳಗಿನಿಂದ “ಸಾರ್, ಸಾರ್” ಎಂದು ಕೂಗಿದರು. ಬಸ್ಸು ಹೊರಟಿತು. “ಮತ್ತೆ ಕೊಡ್ತೀನಿ,” ಎಂದು ಸಾಹೇಬರು ಯೂನಿಫಾರಮ್ಮಿನ ತೋಳನ್ನು ಮಡಿಸತೊಡಗಿದ್ದರು. “ಈಗಲೇ ತಗೊಳ್ಳಿ. ಎಷ್ಟು ಬೇಕಾದ್ರೂ.” ಎರಡನೆಯ ಸಲ ಅವಳ ಮೈ ಇನ್ನೂ ಬೇಗ ಗುರುತಿಸಿ ಓಡಿಸುವುದೇ ಹೆಚ್ಚು, ಆ ಕಟು ಔಷಧಿಯನ್ನು ಇನ್ನೊಮ್ಮೆ ತಡೆದುಕೊಳ್ಳುವ ಶಕ್ತಿಯೂ ಅವಳಲ್ಲಿಲ್ಲ ಎಂದು ನರ್ಸು ಹೇಳುತ್ತಿದ್ದಳು. ಅವರು ಮಡಿಸುತ್ತಲೇ ಇದ್ದರು. ಮುಂದಿನ ಸೀಟಿನ ಮುದುಕನೊಬ್ಬ ಏನೂ ತಿಳಿಯದೆ ತನ್ನ ಟಿಕೆಟ್ಟನ್ನು ಅವರ ಕಡೆ ಚಾಚಿದ.

ಕೊನೆಯ ಸ್ಟಾಪಿನ ತನಕ ಹೋಗಿ, ಅಲ್ಲಿಂದ ನಡೆದುಕೊಂಡೇ ಮನೆಗೆ ಬಂದರು. ಹೆಂಡತಿ ಅಡುಗೆಮನೆಯಲ್ಲಿ ಮಗಳಿಗೆ ಗಂಜಿ ಆರಿಸುತ್ತಿದ್ದಳು. ಮಡಿಸಿದ ಒಂದು ತೋಳು, ಮಡಿಸದ ಒಂದು ತೋಳು ನೋಡಿ ಚಮಚ ಕೆಳಗಿಟ್ಟಳು.

“ನಿಂಗೆ ಯಾವತ್ತು ಗೊತ್ತಾಯ್ತು?”

“ಅವತ್ತೇ.”

“ಗೊತ್ತಾಗೋದ್ರಲ್ಲಿ ನಾನೇ ಕಡೆಯವನಾ? ದಿನಾ ಸಾವಿರ ಜನರ ಮುಖ ನೋಡ್ತೀನಿ ಕಣೇ. ನನ್ನ ಮನೇಲೇ ನಂಗೆ...”

“ಮೆಲ್ಲಗೆ ಮಾತಾಡಿ ರೀ. ನಾನೇ ಹೇಳ್ತೀನಿ ಅಂದೆ. ಅವಳು ಬಿಡ್ಲಿಲ್ಲ. ‘ಅಮ್ಮ, ಅಪ್ಪ ಇಷ್ಟು ಖುಷಿಯಾಗಿರೋದು ನಾನು ನೋಡೇ ಇಲ್ಲ, ಇರಲಿ ಬಿಡು, ಎಷ್ಟು ದಿನ ಅಂತ’ ಅಂದ್ಲು.” ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. “ಹನ್ನೊಂದು ದಿನ ಅವಳು ನಕ್ಕಿದಾಳೆ ರೀ. ನಿಮ್ಮಿಂದ.”

ಸಾಹೇಬರು ಗಂಜಿಯ ಬಟ್ಟಲನ್ನು ತಾವೇ ಎತ್ತಿಕೊಂಡರು. ಒಳಗೆ ಹೋಗಿ, ಏನೂ ಆಗದವರಂತೆ ಮಂಚದ ಅಂಚಿನಲ್ಲಿ ಕುಳಿತು, “ಇವತ್ತು ಒಬ್ಬ ಸಿಕ್ಕಿದ್ದ ಮರಿ, ಭಾರೀ ಮಜಾ,” ಎಂದು ಶುರುಮಾಡಿದರು. ಬಟ್ಟಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅವಳು ಅವರ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು.

“ಯಾರು ಹೇಳಿದ್ರಪ್ಪ?”

“ಬಸ್ಸಲ್ಲಿ. ಆ ನರ್ಸು.”

ಅವಳು ಗೋಡೆಯ ಕಡೆ ತಿರುಗಿದಳು. ಆಮೇಲೆ, ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲಿ ಹೇಳಿದಳು: “ಹೇಗೆ ಹೇಳ್ಲಿ ಅಪ್ಪ? ನನ್ನ ಮೈ ನಿನ್ನ ಆಚೆ ಹಾಕ್ತು ಅಂತ ನಿಂಗೆ ಹೇಗೆ ಹೇಳ್ಲಿ? ನಾನು ಹಾಕಿದ್ದಲ್ಲ. ದಿನಾ ಬೆಳಿಗ್ಗೆ ಎದ್ದು ‘ಇರಿ, ಇನ್ನೂ ಸ್ವಲ್ಪ ದಿನ ಇರಿ’ ಅಂತ ಕೇಳ್ಕೊಂಡಿದೀನಿ. ಅದು ನನ್ನ ಮಾತು ಕೇಳ್ಲಿಲ್ಲ ಅಪ್ಪ.”

ಇಪ್ಪತ್ತೇಳು ವರ್ಷಗಳಲ್ಲಿ ಸಾಹೇಬರ ಮುಂದೆ ಅತ್ತವರೆಷ್ಟೋ, ಕಾಲು ಹಿಡಿದವರೆಷ್ಟೋ. ಎಲ್ಲರಿಗೂ ಕೊಡಲು ಅವರ ಬಳಿ ಒಂದು ಖಡಕ್ ಉತ್ತರವಿರುತ್ತಿತ್ತು. ಈಗ ಬಟ್ಟಲನ್ನು ನೆಲದ ಮೇಲಿಟ್ಟು ಮಗಳ ಬೋಳು ತಲೆಯನ್ನು ಎದೆಗೆ ಒತ್ತಿಕೊಂಡರು. ಹಿತ್ತಾಳೆ ಬಿಲ್ಲೆ ಅವಳ ಹಣೆಗೆ ತಾಗೀತೆಂದು ಒಂದು ಕೈಯಿಂದ ಅದನ್ನು ಮುಚ್ಚಿಕೊಂಡರು.

“ಬಿಡು ಮರಿ. ಪಾಪ, ಅವರ ಡ್ಯೂಟಿ ಅವರು ಮಾಡಿದಾರೆ. ಬೈಬಾರದು.”

ಅವಳು ಕಾಯಿಲೆ ಬಿದ್ದಂದಿನಿಂದ ಅವರೆದುರು ಅತ್ತಿರಲಿಲ್ಲ. ಆ ಸಂಜೆ ಅತ್ತಳು. ಗಂಜಿ ಹೆಪ್ಪುಗಟ್ಟಿತು.

ಆಮೇಲೆ ಹತ್ತೊಂಬತ್ತು ದಿನ. ಸಾಹೇಬರು ರಜೆ ಬರೆದುಕೊಟ್ಟು ಮಂಚದ ಪಕ್ಕ ಒಂದು ಮಣೆ ಹಾಕಿಕೊಂಡು ಕುಳಿತರು. ಉಗುರು ಕತ್ತರಿಸಿದರು, ಪಾದಕ್ಕೆ ಎಣ್ಣೆ ತಿಕ್ಕಿದರು. ಅಂಗಡಿಯ ಗೆಳತಿಯರು ಬಂದರೆ ಬಾಗಿಲ ತನಕ ಹೋಗಿ “ಮತ್ತೆ ಬನ್ನಿ” ಎಂದರು. ಅವಳಿಗೆ ನೋವು ಹೆಚ್ಚಿದಾಗ ಮಾತು ನಿಲ್ಲಿಸಿದರು, ಕಡಿಮೆಯಾದಾಗ ಶುರುಮಾಡಿದರು. ಒಂದು ದಿನ ಅವಳು “ಅಪ್ಪ, ನಿನ್ನ ಕೈ ಎಷ್ಟು ಬಿಸಿ ಇದೆ” ಎಂದಳು. ಆಮೇಲೆ ಅವರು ಆ ಕೈಯನ್ನು ತೆಗೆಯಲಿಲ್ಲ. ಊಟವನ್ನೂ ಎಡಗೈಯಲ್ಲಿ ಮಾಡಿದರು.

ಕೊನೆಯ ದಿನ ಬೆಳಗಿನ ಹತ್ತು ಗಂಟೆಯಿರಬೇಕು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ತಾಯಿ ಅವಳ ಮುಖ ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಬರಲು ಒಳಗೆ ಹೋದಳು. ಹಿಂಡಿಕೊಂಡು ಬಂದು ಹೊಸ್ತಿಲಲ್ಲಿ ನಿಂತಾಗ ಸಾಹೇಬರು ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದರು.

“ಶ್! ಈಗ ತಾನೇ ನಿದ್ದೆ ಹತ್ತಿದೆ. ರಾತ್ರಿಯೆಲ್ಲ ಮಲಗಿಲ್ಲ ಅವಳು.”

ಆಕೆ ಮಗಳ ಮುಖ ನೋಡಿದಳು. ಎದೆಯ ಮೇಲಿನ ಹೊದಿಕೆಯನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಒದ್ದೆ ಬಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು, ಮಂಚದ ಇನ್ನೊಂದು ಪಕ್ಕಕ್ಕೆ ಬಂದು ನೆಲದ ಮೇಲೆ ಕುಳಿತಳು.

“ಆಯ್ತು ರೀ,” ಎಂದಳು. “ಮಲಗ್ಲಿ.”